ಹಿತ್ತಲಿನ ಸಾಮಾನು ಮನೆಗೆ ನೆಲದ ಸಿದ್ಧತೆ

ಮನೆಯ ಹಿತ್ತಲನ್ನು ತೋಟವಾಗಿ ಮಾಡಿಕೊಂಡಿರುವ ಗೃಹಸ್ಥರು, ಆ ತೋಟದ ಒಂದು ಮೂಲೆಯಲ್ಲಿ ಸಣ್ಣ ಕಟ್ಟಡವೊಂದನ್ನು ನಿಲ್ಲಿಸುವ ಪದ್ಧತಿಯು ಪಟ್ಟಣಗಳಲ್ಲಿಯೂ ದೊಡ್ಡ ಗ್ರಾಮಗಳಲ್ಲಿಯೂ ಈಗ ಕಂಡುಬರುತ್ತಿರುವುದು. ಗುದ್ದಲಿ, ಸನಿಕೆ, ಪಿಕಾಸಿ, ಕುಡುಗೋಲು, ನೀರಿನ ಕೊಳವೆ, ಕೈಗಾಡಿ, ಗೊಬ್ಬರದ ಚೀಲ, ಔಷಧಿ ಸಿಂಪಡಿಸುವ ಯಂತ್ರ ಇವೆಲ್ಲಕ್ಕೂ ಒಂದು ನೆಲೆ ಬೇಕೆಂಬುದು ನ್ಯಾಯವೇ ಆಗಿದೆ. ತಗಡಿನ ಹಲಗೆಗಳನ್ನೂ ಕಬ್ಬಿಣದ ಕಂಬಗಳನ್ನೂ ಲಾರಿಯಲ್ಲಿ ತಂದು, ಬೋಲ್ಟುಗಳಿಂದ ಬಿಗಿದು, ಒಂದೇ ದಿನದಲ್ಲಿ ಕಟ್ಟಡವನ್ನು ನಿಲ್ಲಿಸಿಕೊಡುವ ವ್ಯಾಪಾರಸ್ಥರೂ ಇದ್ದಾರೆ. ಒಂದು ದಿನವೆಂಬ ಅವರ ಮಾತು ಸುಳ್ಳಲ್ಲ. ಆದರೆ ಅದು ಕಟ್ಟಡಕ್ಕೆ ಸಂಬಂಧಿಸಿದ ಮಾತೇ ಹೊರತು ನೆಲಕ್ಕೆ ಸಂಬಂಧಿಸಿದ್ದಲ್ಲ. ನೆಲಕ್ಕೆ ಒಂದು ಮಳೆಗಾಲವೂ ಒಂದು ಚಳಿಗಾಲವೂ ಬೇಕು. ಈ ಭೇದವನ್ನು ತಿಳಿಯದೆ ಹಣವನ್ನೆಲ್ಲಾ ಗೋಡೆಗೂ ಬಾಗಿಲಿಗೂ ಬಣ್ಣಕ್ಕೂ ವ್ಯಯಮಾಡಿ, ನೆಲಕ್ಕೆ ಮಾತ್ರ ಕೂಲಿಯಾಳಿನ ಅರ್ಧ ದಿನದ ಕೆಲಸವನ್ನು ಮೀಸಲಿಡುವುದೇ ಇಂತಹ ಕಟ್ಟಡಗಳು ಕೆಡುವುದಕ್ಕೆ ಮುಖ್ಯ ಕಾರಣವಾಗಿರುವುದು.

ಕಟ್ಟಡವು ಚಿಕ್ಕದೆಂದು ಇದನ್ನು ಚಿಕ್ಕ ವಿಷಯವೆಂದು ಭಾವಿಸಕೂಡದು. ಎಷ್ಟೋ ಮನೆಗಳಲ್ಲಿ ಕೀಟನಾಶಕದ ಸೀಸೆಯು ಅಡಿಗೆಮನೆಯ ಅಟ್ಟದ ಮೇಲೋ, ಮಕ್ಕಳು ಮಲಗುವ ಕೊಠಡಿಯ ಮಂಚದ ಕೆಳಗೋ ಇರುವುದು. ಸೀಸೆಯ ಚೀಟಿಯ ಮೇಲಿನ ಕೆಂಪು ಗುರುತು ಅತ್ಯಂತ ಘೋರವಾದ ವಿಷವನ್ನೂ, ಹಳದಿಯು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನೂ ಸೂಚಿಸುವುದೆಂದು ಓದಲು ಬಲ್ಲವರು ತಿಳಿದಿದ್ದರೂ, ಹಸುಗೂಸು ಅದನ್ನರಿಯದು. ಭಾರತ ಸರಕಾರದ 1968ನೆಯ ಇಸವಿಯ ಕೀಟನಾಶಕಗಳ ಕಾಯಿದೆಯೂ ಅದರ ಕೆಳಗಣ ನಿಯಮಗಳೂ, ಈ ವಿಷಗಳನ್ನು ಮಾರುವವರು ಅವನ್ನು ಇತರ ಪದಾರ್ಥಗಳೊಡನೆ ಬೆರಸದೆ ಬೇರೆ ಕೊಠಡಿಯಲ್ಲಿಡಬೇಕೆಂದು ವಿಧಿಸಿರುವುವು. ಅಂಗಡಿಯಲ್ಲಿ ಪ್ರತ್ಯೇಕವಾಗಿದ್ದ ವಿಷವು ಮನೆಗೆ ಬಂದೊಡನೆ ಬೇಳೆಯ ಡಬ್ಬಿಯ ನೆರೆಯಲ್ಲಿ ಕುಳಿತುಕೊಳ್ಳುವುದು ಸೋಜಿಗವಲ್ಲವೆ? ಮನೆಯಿಂದ ದೂರವಾಗಿ, ಬೀಗವುಳ್ಳದ್ದಾಗಿ, ಒಣಗಿದ ನೆಲವುಳ್ಳದ್ದಾಗಿ ಒಂದು ಸಾಮಾನು ಮನೆಯಿದ್ದರೆ ಈ ಅಪಾಯವು ಬಹುಮಟ್ಟಿಗೆ ತಪ್ಪುವುದು. ಅದೇ ಮನೆಯ ನೆಲವು ಜಿನುಗಿದರೆ, ಮೊದಲ ಮಳೆಗಾಲದಲ್ಲಿಯೇ ಯೂರಿಯಾ ಚೀಲವು ಕಲ್ಲಾಗಿ, ಸೀಸೆಗಳ ಚೀಟಿಗಳು ಕಳಚಿಬಿದ್ದು, ಯಾವುದು ಯಾವ ವಿಷವೆಂಬುದೇ ತಿಳಿಯದಂತಾಗಿ, ಅವೆಲ್ಲವೂ ಮರಳಿ ಮನೆಯೊಳಕ್ಕೆ ಬರುವುವು. ಹೀಗೆ ಮರಳಿ ಬಂದ ವಿಷವು ಮೊದಲಿಗಿಂತಲೂ ಹೆಚ್ಚು ಭಯಂಕರವಾದದ್ದು.

ಬೇರೆಡೆಯಲ್ಲಿ ಸಿದ್ಧಪಡಿಸಿ ತಂದು ಜೋಡಿಸುವ ತೋಟದ ಕಟ್ಟಡವು ಹೊಸ ಸೃಷ್ಟಿಯೇನೂ ಅಲ್ಲ. 1851ನೆಯ ಇಸವಿಯಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎದ್ದ ಗಾಜಿನ ಅರಮನೆಯು ಆ ಬಗೆಯದೇ. ಅದನ್ನು ಕಲ್ಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಎಂಬಾತನು ವೃತ್ತಿಯಿಂದ ತೋಟಗಾರನು. ಆ ಕಟ್ಟಡದ ಎರಕದ ಕಂಬಗಳು ಒಳಗೆ ಪೊಳ್ಳಾಗಿದ್ದು, ಮಾಡಿನ ಮೇಲೆ ಬಿದ್ದ ಮಳೆಯ ನೀರು ಅವುಗಳ ಮೂಲಕವೇ ಕೆಳಗಿಳಿದು ನೆಲದ ಕೊಳವೆಗಳನ್ನು ಸೇರುತ್ತಿದ್ದಿತು. ಗೋಡೆ ಮಾಡುಗಳಿಗೆ ಮೊದಲೇ ನೀರಿನ ದಾರಿಯನ್ನು ಯೋಚಿಸಿದ್ದನೆಂಬುದಕ್ಕೆ ಇದೇ ಸಾಕ್ಷಿ. ಅದರ ಮಾದರಿಯನ್ನನುಸರಿಸಿದ ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಗೆ 1889ನೆಯ ಇಸವಿ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರದ ಶಿಲೆಯನ್ನಿಟ್ಟನು. ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಹೂಗಳನ್ನು ನೋಡುವರು, ಮೇಲಣ ಕಮಾನುಗಳನ್ನು ನೋಡುವರು. ಕಂಬದ ಬುಡವನ್ನು ನೋಡುವವರು ವಿರಳ.

ಮೊದಲನೆಯ ಸಿದ್ಧತೆಯು ಹಣವನ್ನು ಬೇಡದು, ತಾಳ್ಮೆಯನ್ನು ಬೇಡುವುದು. ಕಟ್ಟಡವನ್ನಿಡಬೇಕೆಂದು ಮನಸ್ಸು ಮಾಡಿದವರು ಒಂದು ಮಳೆಗಾಲದಲ್ಲಿ ತಮ್ಮ ಹಿತ್ತಲನ್ನು ನೋಡುತ್ತಿರಬೇಕು. ಕರಾವಳಿ ಮಲೆನಾಡುಗಳಲ್ಲಿ ಪುಷ್ಯ, ಆಶ್ಲೇಷಾ ಮಳೆಗಳಲ್ಲಿಯೂ, ಬೆಂಗಳೂರು ಕೋಲಾರಗಳ ಬಯಲುಸೀಮೆಯಲ್ಲಿ ಉತ್ತರೆ, ಹಸ್ತ, ಚಿತ್ತೆಗಳಲ್ಲಿಯೂ, ಮಳೆ ನಿಂತ ಅರ್ಧ ಗಂಟೆಯ ಮೇಲೆ ಹಿತ್ತಲಿಗೆ ಹೋಗಿ, ನೀರು ಎಲ್ಲಿ ನಿಂತಿದೆ, ಎಲ್ಲಿಂದ ಎಲ್ಲಿಗೆ ಹರಿದಿದೆ, ನೆರೆಮನೆಯ ಮಾಡಿನ ನೀರು ಯಾವ ಕಡೆಯಿಂದ ನುಗ್ಗುತ್ತಿದೆ ಎಂಬುದನ್ನು ಗುರುತಿಸಿ, ಆ ಸ್ಥಳಗಳಲ್ಲಿ ಗೂಟಗಳನ್ನು ಬಡಿದಿಡಬೇಕು. ಬೇಸಗೆಯಲ್ಲಿ ಸಮತಟ್ಟಾಗಿ ಕಾಣುವ ನೆಲವು ಮಳೆಯಲ್ಲಿ ತನ್ನ ತಗ್ಗು ದಿಣ್ಣೆಗಳನ್ನು ತಾನೇ ಹೇಳಿಬಿಡುವುದು. ಹಿಂದಿನ ರೈತರು ರಾಗಿಯನ್ನು ತುಂಬುವ ಹಗೇವನ್ನು ತೋಡುವಾಗ ಹೀಗೆಯೇ ನೀರು ಸೇರದ ಗಟ್ಟಿ ನೆಲವನ್ನು ಹುಡುಕುತ್ತಿದ್ದರು. ನೆಲದೊಳಗಿನ ಗುಂಡಿಯಲ್ಲಿ ವರ್ಷಗಟ್ಟಲೆ ಧಾನ್ಯವನ್ನು ಕೆಡದಂತೆ ಇಟ್ಟವರ ಮೊಮ್ಮಕ್ಕಳು, ನೆಲದ ಮೇಲಿನ ಕೊಠಡಿಯಲ್ಲಿ ಒಂದು ಚೀಲ ಗೊಬ್ಬರವನ್ನು ಒಣಗಿಸಿಡಲಾರದೆ ಹೋಗುವುದು ನೋಡತಕ್ಕ ವಿಚಿತ್ರವಾಗಿದೆ.

ಎರಡನೆಯದು ಬಿಸಿಲಿನ ವಿಚಾರ. ಇಂಗ್ಲಿಷ್ ತೋಟಗಾರಿಕೆಯ ಪುಸ್ತಕಗಳನ್ನೋದಿದವರು, ಕಟ್ಟಡದ ಮುಖವು ದಕ್ಷಿಣಕ್ಕಿರಬೇಕು, ಬಿಸಿಲು ಧಾರಾಳವಾಗಿ ಬೀಳಬೇಕು ಎಂದು ಹೇಳುವುದುಂಟು. ಆ ದೇಶದವರಿಗೆ ಸೂರ್ಯನು ದುರ್ಲಭ ಅತಿಥಿ. ಇಲ್ಲಿ ಆತನು ಪ್ರತಿದಿನವೂ ಬರುವವನು. ಬೆಂಗಳೂರು, ಮಂಗಳೂರುಗಳು 13 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಸಮೀಪದಲ್ಲಿರುವುದರಿಂದ, ಏಪ್ರಿಲ್ ತಿಂಗಳ ಕೊನೆಯ ವಾರದಿಂದ ಆಗಸ್ಟ್ ತಿಂಗಳ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಉತ್ತರದಲ್ಲಿಯೂ, ಉಳಿದ ಕಾಲದಲ್ಲಿ ದಕ್ಷಿಣದಲ್ಲಿಯೂ ಇರುವನು. ಒಂಬತ್ತು ಅಡಿ ಎತ್ತರದ ಕಟ್ಟಡದ ನಡುಹಗಲಿನ ನೆರಳು ಜೂನ್ ತಿಂಗಳಿನಲ್ಲಿ ದಕ್ಷಿಣಕ್ಕೆ ಎರಡು ಅಡಿಯನ್ನೂ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿಯೋ ಉತ್ತರಕ್ಕೆ ಆರೂವರೆ ಅಡಿಯಷ್ಟು ಚಾಚುವುದು. ಆದುದರಿಂದ ತರಕಾರಿಯ ಮಡಿಗಳು ಕಟ್ಟಡದ ದಕ್ಷಿಣಕ್ಕಿರಲಿ, ಕಟ್ಟಡವು ಉತ್ತರದ ಅಂಚಿನಲ್ಲಿರಲಿ. ಆಗ ಚಳಿಗಾಲದ ತರಕಾರಿಗೆ ಬಿಸಿಲಿನ ಕೊರತೆಯಾಗದು. ಬಾಗಿಲು ಪೂರ್ವಕ್ಕಿದ್ದರೆ, ನೈಋತ್ಯದಿಂದ ಬೀಸುವ ಮುಂಗಾರಿನ ಎರಚಲು ಒಳಕ್ಕೆ ಬಾರದು. ಪಶ್ಚಿಮದ ಗೋಡೆಯ ಕಡೆಗೆ ಒಂದು ಚಪ್ಪರವನ್ನು ಹಾಕಿ ಅವರೆಯನ್ನೋ ಹೀರೆಯನ್ನೋ ಹಬ್ಬಿಸಿದರೆ, ಸಂಜೆಯ ಕಡುಬಿಸಿಲೂ ತಪ್ಪುವುದು, ಹುಳಿಗೆ ಕಾಯಿಯೂ ದೊರೆಯುವುದು.

ತಗಡಿನ ಮಾಡಿನ ಕೆಳಗೆ ಬಿತ್ತನೆಯ ಬೀಜವನ್ನಿಡುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಶೇಖರಣೆಯ ಉಷ್ಣತೆಯು ಐದು ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿದಂತೆಲ್ಲಾ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂದು ಬೀಜಶಾಸ್ತ್ರಜ್ಞರ ಸ್ಥೂಲನಿಯಮವಿದೆ. ಏರಿದರೆ ಆಗುವ ನಷ್ಟವನ್ನೂ ಇದರಿಂದಲೇ ಊಹಿಸಿಕೊಳ್ಳಬಹುದು. ಈರುಳ್ಳಿಯ ಬೀಜವಂತೂ ಸ್ವಭಾವದಿಂದಲೇ ಅಲ್ಪಾಯು.

ಮರಗಳ ನೆರಳು ಹಿತವೆಂದು ಮರದ ಬುಡದಲ್ಲಿಯೇ ಕಟ್ಟಡವನ್ನು ನಿಲ್ಲಿಸುವವರಿದ್ದಾರೆ. ತೆಂಗಿನ ಮರದ ಕೆಳಗೆ ಕಟ್ಟಿದವರಿಗೆ ಒಣಗರಿಯೂ ಕಾಯಿಯೂ ತಾವೇ ಬುದ್ಧಿ ಹೇಳುವುವು. ಆದರೆ ಕಟ್ಟಡದಿಂದ ಮರಕ್ಕಾಗುವ ಹಾನಿಯನ್ನು ಹೇಳುವವರು ಕಡಮೆ. ತೆಂಗಿನ ಚುರುಕಾದ ಬೇರುಗಳ ಬಹುಭಾಗವು ಬೊಡ್ಡೆಯ ಸುತ್ತ ಸುಮಾರು ಎರಡು ಮೀಟರುಗಳ ಪಾತಿಯೊಳಗೇ ಇರುವುದು. ಅದರ ಮೇಲೆ ಗಾರೆಯ ನೆಲವನ್ನು ಹಾಸಿದರೆ ಮರದ ಬಾಯನ್ನು ಮುಚ್ಚಿದಂತೆಯೇ. ಅರಳಿ, ಆಲ, ಅತ್ತಿಗಳ ಸಮೀಪದಲ್ಲಿ ಕಟ್ಟುವ ಯೋಚನೆಯನ್ನೇ ಮಾಡಕೂಡದು. ವಿದ್ಯುತ್ತಂತಿಯ ಕೆಳಗೂ, ಪಾಯಿಖಾನೆಯ ಗುಂಡಿಯ ಮೇಲೂ, ಬಾವಿಯ ಮಗ್ಗುಲಿನಲ್ಲಿಯೂ ಕಟ್ಟಕೂಡದೆಂಬುದನ್ನು ಹೇಳಬೇಕಾಗಿಲ್ಲ. ಬಾವಿಯ ಹತ್ತಿರ ವಿಷವನ್ನಿಡುವುದು ಎಲ್ಲಕ್ಕಿಂತಲೂ ಹೆಚ್ಚಿನ ಅವಿವೇಕ. ಪಟ್ಟಣಗಳಲ್ಲಿ ನಿವೇಶನದ ಸುತ್ತ ತೆರವು ಬಿಡಬೇಕೆಂಬ ನಿಬಂಧನೆಯಿರುವುದರಿಂದ, ಮೊದಲೇ ಪುರಸಭೆಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಮನೆಯೂ ಎದ್ದಮೇಲೆ ಇಂತಹ ಕಟ್ಟಡಕ್ಕೆ ಎಡೆಯೇ ಇರದು. ಅಂಥವರಿಗೆ ಗೋಡೆಗೆ ಸೇರಿದ ಬೀಗದ ಪೆಟ್ಟಿಗೆಯೊಂದು ಸಾಕು.

ಇನ್ನು ಮಣ್ಣು. ಇದೇ ಮುಖ್ಯವಾದ ವಿಚಾರವು. ಹಳೆಯ ಮೈಸೂರಿನ ಕೆಮ್ಮಣ್ಣಿನ ಸೀಮೆಯಲ್ಲಿ ಇಂತಹ ಹಗುರವಾದ ಕಟ್ಟಡಕ್ಕೆ ಕಷ್ಟವಿಲ್ಲ. ಒಂದೂವರೆ ಅಡಿ ಅಗೆದರೆ ಗಟ್ಟಿ ನೆಲವು ಸಾಮಾನ್ಯವಾಗಿ ಸಿಕ್ಕುವುದು. ಕರಾವಳಿಯ ಮುರಕಲ್ಲಿನ ನೆಲವೂ ಭಾರವನ್ನು ಚೆನ್ನಾಗಿ ಹೊರುವುದು. ಅಲ್ಲಿಯ ತೊಂದರೆಯು ನೆಲದ್ದಲ್ಲ, ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿದ ಮಳೆಯದು, ತಗಡನ್ನು ತಿನ್ನುವ ಉಪ್ಪುಗಾಳಿಯದು. ಅಂತಹ ಕಡೆ ಎರಡಡಿಯ ಜಗಲಿಯೂ, ಮುಂಚಾಚಿದ ಸೂರೂ, ಹೆಂಚಿನ ಮಾಡೂ ಯುಕ್ತವಾದುವು. ಮಂಗಳೂರಿನಲ್ಲಿ 1865ನೆಯ ಇಸವಿಯಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಆ ಸೀಮೆಯು ಈ ಪಾಠವನ್ನು ಮರೆತಿಲ್ಲ.

ಎರೆಯ ಸೀಮೆಯ ಸಂಗತಿಯೇ ಬೇರೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಪ್ರಾಂತಗಳ ಕಪ್ಪುಮಣ್ಣು ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದನ್ನೂ, ಮಳೆ ಬಂದೊಡನೆ ಉಬ್ಬಿ ಬಿರುಕು ಮುಚ್ಚಿಕೊಳ್ಳುವುದನ್ನೂ ಆ ಸೀಮೆಯ ರೈತರು ಹುಟ್ಟಿದಂದಿನಿಂದ ನೋಡಿರುವರು. ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳು ತಮ್ಮ ನಡುವೆ ನೀರನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣವು. ಇಂತಹ ನೆಲದ ಮೇಲೆ ಗಾರೆಯನ್ನು ಹಾಸಿ ಕಟ್ಟಡವನ್ನಿಟ್ಟರೆ, ಮೊದಲ ಮಳೆಗೆ ಅಂಚಿನ ಮಣ್ಣು ನೆನೆದು ಮೇಲೇಳುವುದು, ನಡುವಿನದು ಒಣಗಿಯೇ ಇರುವುದು. ನೆಲವು ಬಟ್ಟಲಿನಾಕಾರಕ್ಕೆ ತಿರುಗಿ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು. ಮಾಲಿಕನು ಬಡಗಿಯನ್ನು ಕರೆಯಿಸಿ ಬಾಗಿಲನ್ನು ಉಜ್ಜಿಸುವನು. ಬೇಸಗೆಯಲ್ಲಿ ನೆಲವು ಇಳಿದು, ಉಜ್ಜಿದ ಬಾಗಿಲಿನ ಸಂದಿಯಲ್ಲಿ ಹೆಗ್ಗಣವು ನುಗ್ಗುವುದು. ಬಡಗಿಯ ತಪ್ಪೂ ಇಲ್ಲ, ಬಾಗಿಲಿನ ತಪ್ಪೂ ಇಲ್ಲ.

ಇದಕ್ಕೆ ಪರಿಹಾರವೆಂದರೆ, ಕಟ್ಟಡದ ಅಳತೆಗಿಂತ ಪ್ರತಿ ಪಾರ್ಶ್ವಕ್ಕೂ ಎರಡು ಮೂರು ಅಡಿ ಹೆಚ್ಚಾಗಿ, ಸುಮಾರು ಮೂರಡಿ ಆಳಕ್ಕೆ ಎರೆಮಣ್ಣನ್ನು ತೆಗೆದು, ಆ ಗುಂಡಿಗೆ ಗರಸನ್ನು ಆರಾರು ಅಂಗುಲಗಳ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ದಿಮ್ಮಸು ಹೊಡೆಯುವುದು. ಗರಸಿನ ಬದಲು ಬರಿಯ ಮರಳನ್ನು ತುಂಬುವವರುಂಟು. ಅದು ದೊಡ್ಡ ತಪ್ಪು. ಸುತ್ತಲಿನ ಎರೆಯು ನೀರನ್ನು ಬಿಡದಿರುವಾಗ ಮರಳಿನ ಗುಂಡಿಯು ನೀರು ನಿಲ್ಲುವ ತೊಟ್ಟಿಯಾಗುವುದು, ಆ ನೀರು ಸುತ್ತಲಿನ ಎರೆಯನ್ನು ಒಳಗಿನಿಂದಲೇ ಉಬ್ಬಿಸುವುದು. ಸ್ವಲ್ಪ ಅಂಟುಳ್ಳ, ಆದರೆ ಉಬ್ಬದ ಗರಸೇ ಬೇಕು. ಕಟ್ಟಡದ ಸುತ್ತ ಮೂರಡಿ ಅಗಲಕ್ಕೆ ಶಹಾಬಾದ್ ಚಪ್ಪಡಿಯನ್ನು ಹೊರಗಿಳಿಜಾರಾಗಿ ಹಾಸಿದರೆ ಮಾಡಿನ ನೀರು ಅಡಿಪಾಯಕ್ಕೆ ತಾಗದು. ಗರಸಿನ ವೆಚ್ಚವು ಕೆಲವು ವೇಳೆ ತಗಡಿನ ಗೋಡೆಯ ವೆಚ್ಚಕ್ಕೆ ಸಮನಾದರೂ ಆಗಬಹುದು. ಹಾಗಿದ್ದರೂ ಗರಸನ್ನು ಹಾಕಿ ಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡುವುದೇ ಮೇಲು. ಗರಸಿಲ್ಲದೆ ಎದ್ದ ಗೋಡೆಯನ್ನು ಮುಂದಿನ ವರ್ಷ ಕಳಚಬೇಕಾಗುವುದು.

ಇಳಿಜಾರಿನ ನೆಲದಲ್ಲಿ ಅರ್ಧವನ್ನು ಕಡಿದು ಅರ್ಧಕ್ಕೆ ತುಂಬಿ ಸಮಮಾಡುವ ಪದ್ಧತಿಯೂ ಇಂತಹದೇ. ಕಡಿದ ಭಾಗವು ಕದಲದು, ತುಂಬಿದ ಭಾಗವು ಕುಸಿಯುವುದು. ಬಿರುಕು ನಡುವಿನಲ್ಲಿಯೇ ಬರುವುದು. ಪೂರ್ತಿಯಾಗಿ ಕಡಿದ ನೆಲದ ಮೇಲೆಯೇ ಕಟ್ಟಡವಿರಲಿ.

ಅಗೆಯುವುದಕ್ಕೆ ಮೊದಲು ಮೇಲಿನ ಆರು ಅಂಗುಲದ ಮಣ್ಣನ್ನು ಬೇರೆಯಾಗಿ ತೆಗೆದಿಡತಕ್ಕದ್ದು. ವರ್ಷಾಂತರಗಳಿಂದ ಎಲೆ ಗೊಬ್ಬರಗಳು ಬೆರೆತು ಪಕ್ವವಾದ ಈ ಮಣ್ಣನ್ನು ಕಲ್ಲುಕಸಗಳೊಡನೆ ಗುಂಡಿಗೆ ತುಂಬುವುದು ಕೃಷಿಕನಾದವನು ಮಾಡುವ ಕೆಲಸವಲ್ಲ. ಕಟ್ಟಡದ ಕೆಳಗೆ ಅದು ಕುಸಿಯುವುದು. ತರಕಾರಿಯ ಮಡಿಯಲ್ಲಿ ಅದೇ ಬಂಗಾರ. ಹಾಗೆಯೇ ಸ್ಥಳದಲ್ಲಿರುವ ಹಳೆಯ ಬೊಡ್ಡೆ, ಬೇರು, ಮರದ ಚೂರುಗಳನ್ನು ಒಂದೂ ಉಳಿಯದಂತೆ ಕೀಳಬೇಕು. ಇವನ್ನು ನೆಲದಲ್ಲಿ ಬಿಟ್ಟು ಮೇಲೆ ಔಷಧಿಯನ್ನು ಸುರಿಯುವುದು ಗೆದ್ದಲಿಗೆ ಊಟವನ್ನಿಟ್ಟು ಬಾಗಿಲು ಹಾಕಿದಂತೆ. ಗೆದ್ದಲಿಗಾಗಿ ಹಿಂದೆ ನೆಲಕ್ಕೆ ಹಾಕುತ್ತಿದ್ದ ಆಲ್ಡ್ರಿನ್, ಹೆಪ್ಟಾಕ್ಲೋರ್, ಕ್ಲೋರ್ಡೇನ್ ಎಂಬ ವಿಷಗಳು ಮಣ್ಣಿನಲ್ಲಿ ಬಹುಕಾಲ ನಿಲ್ಲುವುವೆಂಬ ಕಾರಣದಿಂದ 2001ನೆಯ ಇಸವಿಯ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ನಿಷಿದ್ಧ ಪಟ್ಟಿಯನ್ನು ಸೇರಿದವು. ಪಕ್ಕದಲ್ಲಿಯೇ ಸೊಪ್ಪು ಬೆಳೆಯುವ ಹಿತ್ತಲಿನಲ್ಲಿ ವಿಷಕ್ಕಿಂತಲೂ ಕಲ್ಲೇ ಉತ್ತಮ. ಒಂದೂವರೆ ಅಡಿಯ ಕಲ್ಲಿನ ಜಗಲಿಯನ್ನು ಕಟ್ಟಿ, ಮರವು ಮಣ್ಣಿಗೆ ಎಲ್ಲಿಯೂ ತಾಗದಂತೆ ಮಾಡಿ, ಜಗಲಿಯ ಮಗ್ಗುಲಿಗೆ ಸಾಮಾನುಗಳನ್ನು ಒರಗಿಸದೆ ತೆರವಾಗಿಟ್ಟರೆ, ಗೆದ್ದಲು ಏರಿದಾಗ ಅದರ ಮಣ್ಣಿನ ಸುರಂಗವು ಕಣ್ಣಿಗೆ ಬೀಳುವುದು. ಕಂಡದ್ದನ್ನು ಪೊರಕೆಯಿಂದ ಒರಸಿಹಾಕುವುದು ಮನೆಯ ಹುಡುಗರ ಕೆಲಸ.

ಅಳತೆಯ ವಿಷಯದಲ್ಲಿ ಒಂದು ಉಪಾಯವುಂಟು. ಕಟ್ಟಡವು ಹನ್ನೆರಡಡಿ ಉದ್ದ, ಒಂಬತ್ತಡಿ ಅಗಲವಾಗಿದ್ದರೆ, ಮೂಲೆಯಿಂದ ಮೂಲೆಗೆ ಸರಿಯಾಗಿ ಹದಿನೈದಡಿಯಾಗುವುದು. ಗೂಟಗಳನ್ನು ಹೊಡೆದು ಹಗ್ಗವನ್ನು ಎರಡು ಕರ್ಣಗಳಿಗೂ ಹಿಡಿದು ನೋಡಿ, ಎರಡೂ ಹದಿನೈದಡಿ ಬಂದರೆ ನಾಲ್ಕು ಮೂಲೆಗಳೂ ನೇರವೆಂದು ತಿಳಿಯಬಹುದು. ಒಂದು ಅಂಗುಲ ಸೊಟ್ಟಗಾದರೂ ಕಾರ್ಖಾನೆಯಿಂದ ಬಂದ ಹಲಗೆಗಳು ಕೂಡಲಾರವು. ಜಗಲಿಯ ಮೇಲ್ಮಟ್ಟವನ್ನು ರಸಮಟ್ಟದಿಂದಲೋ, ನೀರು ತುಂಬಿದ ಪಾರಕ ಕೊಳವೆಯಿಂದಲೋ ನೋಡತಕ್ಕದ್ದು. ಸಿದ್ಧ ಕಟ್ಟಡವನ್ನು ಕೊಳ್ಳುವವರು ನೆಲವನ್ನು ಹಾಸುವುದಕ್ಕೆ ಮುಂಚೆಯೇ ವ್ಯಾಪಾರಸ್ಥರಿಂದ ಅಳತೆಯ ನಕಾಶೆಯನ್ನು ಕೇಳಿ ಪಡೆಯಬೇಕು. ನೆಲವು ಗೋಡೆಗಿಂತ ಹೊರಗೆ ಚಾಚಿಕೊಂಡಿದ್ದರೆ ಗೋಡೆಯಿಂದಿಳಿದ ನೀರು ಆ ಅಂಚಿನ ಮೇಲೆ ನಿಂತು ಒಳಕ್ಕೆ ಹರಿಯುವುದು. ಆದುದರಿಂದ ನೆಲದ ಅಳತೆಯೂ ಚೌಕಟ್ಟಿನ ಹೊರ ಅಳತೆಯೂ ಒಂದೇ ಆಗಿರಬೇಕು. ಗೇಟಿನ ಅಗಲವನ್ನೂ ಒಮ್ಮೆ ಅಳೆದುಕೊಳ್ಳುವುದು ಲೇಸು.

ಹಗುರವಾದ ತಗಡಿನ ಕಟ್ಟಡವನ್ನು ನೆಲದ ಮೇಲೆ ಬರಿದೆ ಕೂರಿಸಿದರೆ, ಅದು ಮಳೆಗಿಂತ ಮೊದಲು ಗಾಳಿಗೆ ಸೋಲುವುದು. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯ ಮುಂಚಿನ ಬಿರುಗಾಳಿಯು ಮಾಡನ್ನು ಕಿತ್ತು ನೆರೆಯವರ ಅಂಗಳಕ್ಕೆ ಎಸೆಯುವುದು ಅಪರೂಪವಲ್ಲ. ಮೂಲೆಗಳಲ್ಲಿ ಎರಡಡಿ ಆಳದ ಗುಂಡಿಗಳನ್ನು ತೋಡಿ, ಕಬ್ಬಿಣದ ಬೋಲ್ಟುಗಳನ್ನು ಕಾಂಕ್ರೀಟಿನಲ್ಲಿ ಹೂಳಬೇಕು. ಕಾಂಕ್ರೀಟಿಗೆ ಕಡಮೆಯೆಂದರೆ ಏಳು ದಿನ, ಬಿಸಿಲುಕಾಲದಲ್ಲಿ ಹತ್ತು ದಿನಕ್ಕೆ ಮೇಲ್ಪಟ್ಟು ನೀರುಣಿಸದೆ ಅದರ ಮೇಲೆ ಭಾರವನ್ನಿಡಕೂಡದು.

ಇಷ್ಟೆಲ್ಲಾ ಏತಕ್ಕೆ, ಅಜ್ಜಂದಿರ ಕಾಲದಲ್ಲಿ ಬರಿಯ ಮಣ್ಣಿನ ನೆಲದ ಮೇಲೆ ಹುಲ್ಲಿನ ಗುಡಿಸಲನ್ನು ಹಾಕಿ ಸಾಮಾನುಗಳನ್ನಿಡುತ್ತಿರಲಿಲ್ಲವೆ, ಎಂದು ಕೆಲವರು ಕೇಳುವರು. ಇಡುತ್ತಿದ್ದರು, ಆದರೆ ಆ ನೆಲವನ್ನು ಆಗಾಗ್ಗೆ ಸಗಣಿಯಿಂದ ಸಾರಿಸುತ್ತಿದ್ದರು, ಹುಲ್ಲನ್ನು ಕಾಲಕಾಲಕ್ಕೆ ಬದಲಾಯಿಸುತ್ತಿದ್ದರು. ಇಟ್ಟಿದ್ದಾದರೂ ಏನು? ನೇಗಿಲು, ನೊಗ, ಬುಟ್ಟಿ, ಹಗ್ಗ. ನೀರು ತಾಗಿದರೆ ಕಲ್ಲಾಗುವ ಗೊಬ್ಬರವಾಗಲಿ, ಮುಟ್ಟಿದರೆ ಪ್ರಾಣಹೋಗುವ ವಿಷವಾಗಲಿ ಅವರ ಬಳಿಯಲ್ಲಿರಲಿಲ್ಲ. ಹಣದ ಆಕ್ಷೇಪಣೆಯಲ್ಲಿ ಹೆಚ್ಚು ಹುರುಳಿದೆ. ಆದರೆ ಮೇಲೆ ಹೇಳಿದ ಕೆಲಸಗಳಲ್ಲಿ ನೀರನ್ನು ನೋಡುವುದು, ಮಣ್ಣನ್ನು ತೆಗೆಯುವುದು, ಬೇರು ಕೀಳುವುದು, ದಿಮ್ಮಸು ಹೊಡೆಯುವುದು ಇವೆಲ್ಲವೂ ಮನೆಯವರ ಕೈಯಿಂದಲೇ ಆಗತಕ್ಕವು. ಹಳೆಯ ಕಲ್ಲುಕಂಬಗಳೂ ಚಪ್ಪಡಿಗಳೂ ಇದ್ದವರಿಗೆ ವೆಚ್ಚವು ಇನ್ನೂ ಕಡಮೆ. ಇದಕ್ಕೆ ಪ್ರತಿಯಾಗಿ ಸಿಕ್ಕುವ ಒಂದು ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೂರು ಸೇರಿ ಹದಿನಾಲ್ಕಕ್ಕೆ ಹನ್ನೊಂದಡಿಯ ಮಾಡಿನ ಮೇಲೆ ವರ್ಷಕ್ಕೆ 900 ಮಿಲಿಮೀಟರು ಮಳೆ ಬಿದ್ದರೆ, ಹನ್ನೆರಡು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುವುದು. ದೋಣಿಯನ್ನು ಕಟ್ಟಿ ಅದನ್ನು ತೊಟ್ಟಿಗೆ ತಿರುಗಿಸಿದರೆ ತೋಟಕ್ಕೆ ಉಪಯೋಗ. ತಿರುಗಿಸದಿದ್ದರೆ ಆ ನೀರೆಲ್ಲವೂ ಕಟ್ಟಡದ ಬುಡಕ್ಕೇ ಬೀಳುವುದು.

ಕೆಲಸದ ಕ್ರಮವನ್ನು ಮಳೆಗಳ ಲೆಕ್ಕದಲ್ಲಿಯೇ ಇಟ್ಟುಕೊಳ್ಳುವುದು ರೈತರಿಗೆ ಸುಲಭ. ಸ್ವಾತಿ, ವಿಶಾಖಗಳು ಕಳೆದ ಮೇಲೆ, ನೆಲದಲ್ಲಿ ಇನ್ನೂ ಹದವಿರುವಾಗ ಅಗೆತವನ್ನು ಮುಗಿಸತಕ್ಕದ್ದು. ಬೇಸಗೆಯಲ್ಲಿ ಒಣಗಿದ ನೆಲವನ್ನು ಅಗೆಯಿಸಿದರೆ ಕೂಲಿಯು ಹೆಚ್ಚಾಗುವುದು. ತುಂಬಿದ ಗರಸು ಸಂಕ್ರಾಂತಿಯವರೆಗೆ ಕೂತು ಗಟ್ಟಿಯಾಗಲಿ. ಮಾಘಮಾಸದಲ್ಲಿ ಜಗಲಿಯನ್ನು ಕಟ್ಟಿ ನೆಲವನ್ನು ಹಾಸಿ ನೀರುಣಿಸಿ, ಯುಗಾದಿಯ ವೇಳೆಗೆ ಕಟ್ಟಡವನ್ನು ನಿಲ್ಲಿಸಬಹುದು. ಸಾಮಾನುಗಳನ್ನು ಮಾತ್ರ ಒಡನೆಯೇ ತುಂಬದೆ, ಏಪ್ರಿಲ್ ಕೊನೆಯ ಭರಣಿ ಮಳೆಯವರೆಗೆ ಕಾಯತಕ್ಕದ್ದು. ಆ ಮೊದಲ ಮಳೆಯಲ್ಲಿ ಕೊಡೆಯನ್ನು ಹಿಡಿದು ಹೋಗಿ, ಸೂರಿನ ಹನಿಯು ಎಲ್ಲಿ ಬೀಳುತ್ತಿದೆ, ಚಪ್ಪಡಿಯ ಮೇಲಿನ ನೀರು ಯಾವ ಕಡೆಗೆ ಓಡುತ್ತಿದೆ, ಗೋಡೆಯ ಮೇಲೆ ಕೆಸರಿನ ಗೆರೆಯು ಎಷ್ಟೆತ್ತರಕ್ಕೆ ಸಿಡಿದಿದೆ, ಒಳಗಿನ ಮೂಲೆಗಳಲ್ಲಿ ಅಂಗೈಗೆ ತೇವವು ತಾಗುವುದೇ ಎಂಬುದನ್ನು ಪರೀಕ್ಷಿಸಬೇಕು. ಎಲ್ಲಿಯಾದರೂ ನೀರು ನಿಂತಿದ್ದರೆ, ರೋಹಿಣಿ ಮಳೆಗೆ ಇನ್ನೂ ಒಂದು ತಿಂಗಳ ಅವಕಾಶವಿರುವುದು. ಕಾಲುವೆಯನ್ನು ಅರ್ಧ ಅಡಿ ಆಳಮಾಡಿ ಇಳಿಜಾರನ್ನು ತಿದ್ದಿಕೊಳ್ಳಲು ಅಷ್ಟು ಸಾಕು. ವಿಷದ ಸೀಸೆಗಳು ಅಟ್ಟದಿಂದ ಇಳಿದು ಬೀಗದ ಕೊಠಡಿಗೆ ಹೋಗತಕ್ಕದ್ದು ಅದಾದ ಮೇಲೆಯೇ.